ಹುಳು ಕಾಣದ ವರ್ಷದ ಹಣ

1966ರಲ್ಲಿ ಒಬ್ಬ ಹುಡುಗ ಹವಾಯಿಯಿಂದ ಮನೆಗೆ ವಾಪಸ್ ಬರುವಾಗ ಮೂರು ಬಸವನಹುಳು ತಂದ. ಮನೆ ಇದ್ದದ್ದು ಅಮೆರಿಕದ ಫ್ಲಾರಿಡಾ ರಾಜ್ಯದ ಮಿಯಾಮಿಯಲ್ಲಿ. ಅಜ್ಜಿ ಆ ಮೂರನ್ನೂ ತೋಟಕ್ಕೆ ಬಿಟ್ಟರು. ಅಜ್ಜಿಯ ತಪ್ಪೇನೂ ಇಲ್ಲ, ನಾವು ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದೆವು. ಆದರೆ ಅದು ಆಫ್ರಿಕಾದ ದೈತ್ಯ ಬಸವನಹುಳು. ಮುಷ್ಟಿಯಷ್ಟು ದಪ್ಪ ಬೆಳೆಯುತ್ತದೆ. 500ಕ್ಕೂ ಹೆಚ್ಚು ಬಗೆಯ ಗಿಡಗಳನ್ನು ತಿನ್ನುತ್ತದೆ. ಚಿಪ್ಪಿಗೆ ಸುಣ್ಣ ಬೇಕಲ್ಲ, ಅದಕ್ಕೆ ಗೋಡೆಯ ಗಾರೆಯನ್ನೂ ಕೆರೆದು ತಿನ್ನುತ್ತದೆ. ಏಳು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಸಿಕ್ಕಿದ ಬಸವನಹುಳುಗಳ ಲೆಕ್ಕ 18,000 ದಾಟಿತ್ತು. ಪೂರ್ತಿ ಕೊನೆಗಾಣಿಸಿದ್ದು 1975ರಲ್ಲಿ. ಅಷ್ಟರಲ್ಲಿ ಸರ್ಕಾರದ ಖಜಾನೆಯಿಂದ 10 ಲಕ್ಷ ಡಾಲರ್‌ಗೂ ಹೆಚ್ಚು ಹೋಗಿತ್ತು.

ಮೂರು ಹುಳುವಿಗೆ 10 ಲಕ್ಷ ಡಾಲರ್. ಕೇಳಿದ ತಕ್ಷಣ ದುಂದುವೆಚ್ಚ ಅನ್ನಿಸುತ್ತದೆ, ಅಲ್ವಾ? ನನಗೂ ಮೊದಲು ಹಾಗೇ ಅನ್ನಿಸಿತ್ತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದರ ಬಗ್ಗೆಯೇ. ಹೊರಗಿನಿಂದ ಬಂದು ಬೆಳೆ ಹಾಳುಮಾಡುವ ಹುಳು, ಕಳೆ, ರೋಗಗಳ ಮೇಲೆ ಸರ್ಕಾರಗಳು ಹೇಗೆ ಹಣ ಹಾಕುತ್ತವೆ, ಯಾವಾಗ ಹಾಕುತ್ತವೆ, ಯಾವಾಗ ನಿಲ್ಲಿಸುತ್ತವೆ. ಎಷ್ಟು ಹಣ ಎನ್ನುವುದಕ್ಕಿಂತ ಯಾವಾಗ ಎನ್ನುವುದೇ ಮುಖ್ಯ ಎಂದು ನನಗೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತಾ ಹೋಗುತ್ತೇನೆ.

ಮೊದಲು ದೊಡ್ಡ ಲೆಕ್ಕ ಒಂದು. ಜೀವವೈವಿಧ್ಯದ ಬಗ್ಗೆ ಹಲವು ದೇಶಗಳ ಸರ್ಕಾರಗಳಿಗೆ ಸಲಹೆ ಕೊಡುವ ಐಪಿಬಿಇಎಸ್ ಎಂಬ ವೇದಿಕೆ ಇದೆ. ಹೊರಗಿನಿಂದ ಬಂದು ಹಾನಿ ಮಾಡುವ ಜೀವಿಗಳ ಬಗ್ಗೆ ಅದು 2023ರಲ್ಲಿ ಒಂದು ವರದಿ ಕೊಟ್ಟಿತು. ಅದರ ಪ್ರಕಾರ 2019ರ ಒಂದೇ ವರ್ಷದಲ್ಲಿ ಜಗತ್ತಿಗೆ ಆದ ನಷ್ಟ 42,300 ಕೋಟಿ ಡಾಲರ್‌ಗೂ ಜಾಸ್ತಿ. 1970ರಿಂದ ಈಚೆಗೆ ಪ್ರತಿ ಹತ್ತು ವರ್ಷಕ್ಕೆ ಈ ನಷ್ಟ ಕನಿಷ್ಠ ನಾಲ್ಕು ಪಟ್ಟು ಏರಿದೆ. ಆ ಮೊತ್ತ ಕೇಳಿ ನಾನು ಅಷ್ಟಾಗಿ ಬೆಚ್ಚಲಿಲ್ಲ. ಬೆಚ್ಚಿದ್ದು ಅದರ ಒಳಗಿನ ಪಾಲು ನೋಡಿ. ನೂರರಲ್ಲಿ 92 ಪಾಲು ಹಾನಿಯೇ. ಹಾನಿ ತಡೆಯಲು ಖರ್ಚಾದದ್ದು ಬರೀ 8 ಪಾಲು. 45 ಶೇಕಡಾ ದೇಶಗಳು ಇದಕ್ಕೆಂದು ಹಣವನ್ನೇ ಇಡುತ್ತಿಲ್ಲ. ಸೂರು ಸೋರುತ್ತಿರುವಾಗ ಪಾತ್ರೆ ಇಟ್ಟು ನೀರು ಹಿಡಿಯುತ್ತಾ ಕೂತಿದ್ದೇವೆ, ಹೆಂಚು ಸರಿಸಲು ಯಾರೂ ಏಣಿ ಹತ್ತುತ್ತಿಲ್ಲ.

ಇದು ಸರ್ಕಾರದ ಕೆಲಸವೇ ಯಾಕಾಗಬೇಕು? ರೈತರೇ ನೋಡಿಕೊಳ್ಳಲಿ ಎನ್ನುವವರು ಇದ್ದಾರೆ. ಅದು ಕೆಟ್ಟ ಪ್ರಶ್ನೆ ಏನಲ್ಲ, ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಬೇಲಿಯಲ್ಲಿ ಇದೆ. ನಿಮ್ಮ ಹೊಲಕ್ಕೆ ನೀವು ಎಷ್ಟು ಬೇಕಾದರೂ ಖರ್ಚು ಮಾಡಿ. ಪಕ್ಕದ ಹೊಲದವರಿಗೆ ಕೈ ಸಾಗಲಿಲ್ಲ ಎಂದಿಟ್ಟುಕೊಳ್ಳಿ. ಅದರ ಪಕ್ಕದ್ದು ಯಾರೂ ಉಳುಮೆ ಮಾಡದ ಬೀಳು ಭೂಮಿ ಎಂದಿಟ್ಟುಕೊಳ್ಳಿ. ಹುಳುವಿಗೆ ಅಷ್ಟು ಸಾಕು. ಮುಂದಿನ ಹಂಗಾಮಿಗೆ ಅದು ನಿಮ್ಮ ಹೊಲದಲ್ಲೇ ಇರುತ್ತದೆ. ಮೆಕ್ಕೆಜೋಳ ತಿನ್ನುವ ಫಾಲ್ ಸೈನಿಕ ಹುಳುವಿನ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಅದರ ಮುಂದೆ ಯಾವ ರೈತರ ಬೇಲಿ ನಿಲ್ಲುತ್ತದೆ ಹೇಳಿ. ಹೆಚ್ಚಿನ ಸಲ ಹುಳು ಒಳಗೆ ಬರುವುದು ಬಂದರಿನಿಂದ, ವಿಮಾನ ನಿಲ್ದಾಣದಿಂದ, ಗಡಿ ದಾಟುವ ಲಾರಿಯಿಂದ. ಆ ಬಾಗಿಲಿಗೆ ಕಾವಲು ನಿಲ್ಲುವ ಅಧಿಕಾರ ಸರ್ಕಾರಕ್ಕೆ ಬಿಟ್ಟು ಬೇರೆ ಯಾರಿಗೂ ಇಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಇದನ್ನು ಒಂದು ಸರಳ ಲೆಕ್ಕದಲ್ಲಿ ತೋರಿಸಿದೆ. ಬರುವುದಕ್ಕೆ ಮೊದಲೇ ತಡೆಯಲು ಹಾಕಿದ ಒಂದು ರೂಪಾಯಿಗೆ ನೂರು ರೂಪಾಯಿ ಲಾಭ ಅಂತ ಇಟ್ಟುಕೊಳ್ಳಿ. ಬಂದ ಹೊಸತರಲ್ಲಿ ಬೇರು ಸಮೇತ ಕಿತ್ತುಹಾಕಲು ಹಾಕಿದರೆ ಅದೇ ರೂಪಾಯಿಗೆ 25. ಸ್ವಲ್ಪ ಹರಡಿದ ಮೇಲೆ ಅಲ್ಲಲ್ಲೇ ಕಟ್ಟಿಹಾಕಲು ಹೋದರೆ 5ರಿಂದ 10. ಎಲ್ಲ ಕಡೆ ತುಂಬಿದ ಮೇಲೆ ನಮ್ಮ ನಮ್ಮ ಬೆಳೆ ಉಳಿಸಿಕೊಳ್ಳಲು ಖರ್ಚು ಮಾಡಿದರೆ 1ರಿಂದ 5. ರೂಪಾಯಿ ಅದೇ, ಕಾಲ ಮಾತ್ರ ಬೇರೆ.

ಆದರೆ ಹಣ ಮಂಜೂರಾಗುವುದು ಯಾವಾಗ? ಎಲ್ಲರೂ ಕೂಗಿದಾಗ. ಎಲ್ಲರೂ ಕೂಗುವುದು ಯಾವಾಗ? ಎಲ್ಲರ ಹೊಲದಲ್ಲೂ ಹುಳು ಕಂಡಾಗ. ಅಂದರೆ ಆ ಲೆಕ್ಕದ ಕೊನೆಯ ಮೆಟ್ಟಿಲಲ್ಲಿ.

ತಡವಾಗಿ ಬಂದ ಹಣಕ್ಕೆ ಇನ್ನೊಂದು ಕಷ್ಟ ಇದೆ. ಅದನ್ನು ಬೇಗ ಖರ್ಚು ಮಾಡಬೇಕು. ಬೇಗ ಸಿಗುವ ವಸ್ತು ಯಾವುದು? ಕೀಟನಾಶಕ. ಫಾಲ್ ಸೈನಿಕ ಹುಳು 2016ರಲ್ಲಿ ಆಫ್ರಿಕಾದಲ್ಲಿ ಮೊದಲು ಕಂಡಿತು. ಒಂದೆರಡು ವರ್ಷದಲ್ಲಿ ಖಂಡದ ತುಂಬ ಹಬ್ಬಿತು. 12 ದೇಶಗಳ ಮೆಕ್ಕೆಜೋಳದಲ್ಲೇ ವರ್ಷಕ್ಕೆ ಸುಮಾರು 250 ಕೋಟಿಯಿಂದ 620 ಕೋಟಿ ಡಾಲರ್ ನಷ್ಟ ಆಗಬಹುದು ಎಂದು, ಬೆಳೆಯ ಕೀಟ, ರೋಗಗಳ ಬಗ್ಗೆ ಅಧ್ಯಯನ ಮಾಡುವ ಕ್ಯಾಬಿ ಎಂಬ ಅಂತರರಾಷ್ಟ್ರೀಯ ಸಂಸ್ಥೆ 2017ರಲ್ಲಿ ಅಂದಾಜು ಮಾಡಿತು. ಸರ್ಕಾರಗಳು ಗಾಬರಿಯಿಂದ ಔಷಧಿ ಕೊಂಡು ಹಂಚಿದವು. ಅದರಲ್ಲಿ ಮನುಷ್ಯರಿಗೇ ಅಪಾಯವಾದ ಔಷಧಿಗಳೂ ಇದ್ದವು. ಕೈಗವಸಿಲ್ಲದೆ, ಮುಖಕ್ಕೆ ಬಟ್ಟೆಯಿಲ್ಲದೆ ಸಿಂಪಡಿಸುವವರ ಕೈಗೆ ಅಂಥದ್ದನ್ನು ಕೊಡುವುದು ಎಂದರೆ ನನಗೆ ಹೊಟ್ಟೆ ತೊಳಸುತ್ತದೆ. ಹುಳು ಇರುವುದು ಸುಳಿಯ ಒಳಗೆ, ತನ್ನ ಹಿಕ್ಕೆಯನ್ನೇ ಬೂಸಾದ ಹಾಗೆ ಮುಚ್ಚಳ ಮಾಡಿಕೊಂಡು. ಮೇಲಿಂದ ಹೊಡೆದ ಔಷಧಿ ಅಲ್ಲಿಗೆ ಮುಟ್ಟುವುದೇ ಕಷ್ಟ. ಎಲೆಯ ಮೇಲೆ ಓಡಾಡುವ ಜೇಡ, ಕಣಜ, ಗುಲಗಂಜಿ ಹುಳುಗಳು ಮಾತ್ರ ಸಾಯುತ್ತವೆ. ಹುಳು 2018ರಲ್ಲಿ ಭಾರತಕ್ಕೂ ಬಂತು. 2020ರ ಹೊತ್ತಿಗೆ ಆಸ್ಟ್ರೇಲಿಯಾ ಮುಟ್ಟಿತು. ನಾಲ್ಕು ವರ್ಷದಲ್ಲಿ ಮೂರು ಖಂಡ.

ಇಲ್ಲಿ ಸ್ವಲ್ಪ ಹಳೆಯ ಕಥೆಗೆ ಹೋಗುತ್ತೇನೆ, ಯಾಕೆಂದರೆ ನನಗೆ ಅದು ಬಹಳ ಇಷ್ಟ. ಸರ್ಕಾರಗಳಿಗೆ ತುಂಬ ಸುಲಭ ಅನ್ನಿಸುವ ದಾರಿ ಬಹುಮಾನ ಘೋಷಿಸುವುದು. 1860ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳು ಒಣಗಲು ಶುರುವಾದವು. ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಸಣ್ಣ ಹೇನಿನಂಥ ಕೀಟ ಬೇರಿನ ರಸ ಹೀರುತ್ತಿತ್ತು. ಸರ್ಕಾರ 1870ರಲ್ಲಿ 20,000 ಫ್ರಾಂಕ್ ಬಹುಮಾನ ಇಟ್ಟಿತು. 1874ರಲ್ಲಿ ಅದನ್ನು 3 ಲಕ್ಷ ಫ್ರಾಂಕ್‌ಗೆ ಏರಿಸಿತು. ನೂರಾರು ಜನ ಸಲಹೆ ಕೊಟ್ಟರು. ಬಳ್ಳಿಯ ಬುಡದಲ್ಲಿ ಜೀವಂತ ಕಪ್ಪೆ ಹೂಳಿ ಎಂದವರೂ ಇದ್ದರು. ಆ ಬಹುಮಾನ ಯಾರಿಗೂ ಸಿಗಲಿಲ್ಲ. ಕೊನೆಗೆ ತೋಟ ಉಳಿಸಿದ್ದು ಅಮೆರಿಕದ ಬೇರುಕಾಂಡಕ್ಕೆ ಫ್ರಾನ್ಸಿನ ಕುಡಿಯನ್ನು ಕಸಿ ಕಟ್ಟುವ ಕೆಲಸ. ಅದಕ್ಕೆ ಬೇಕಾದದ್ದು ವರ್ಷಗಟ್ಟಲೆ ಪ್ರಯೋಗ, ಸಸಿ ಮಡಿ, ಕಸಿ ಕಟ್ಟುವುದು ಕಲಿಸುವ ಜನ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಹೀಗೇ ಆಯಿತು. ಅಲ್ಲಿ ಪಾಪಾಸುಕಳ್ಳಿ ಹಬ್ಬಿತ್ತು. ಬೇಲಿಗೆ ಅಂತ ನೆಟ್ಟದ್ದು ಹೊಲ ನುಂಗಿತು. ಅಲ್ಲಿನ ಸರ್ಕಾರ 1901ರಲ್ಲಿ 5,000 ಪೌಂಡ್ ಬಹುಮಾನ ಇಟ್ಟಿತು, 1907ರಲ್ಲಿ ಅದನ್ನು 10,000 ಮಾಡಿತು. ಅದೂ ಯಾರಿಗೂ ಸಿಗಲಿಲ್ಲ. ಜನ ಕಡಿದರು, ಸುಟ್ಟರು, ಆರ್ಸೆನಿಕ್ ವಿಷ ಹಾಕಿದರು. 1920ರ ದಶಕಕ್ಕೆ ಬರುವಷ್ಟರಲ್ಲಿ ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ಸೇರಿ ಸುಮಾರು 6 ಕೋಟಿ ಎಕರೆ ಕಳ್ಳಿಯ ಪಾಲಾಗಿತ್ತು. ಜನ ಮನೆ ಬಿಟ್ಟು ಹೊರಟಿದ್ದರು.

ಬದಲಾಗಿದ್ದು 1920ರಲ್ಲಿ. ಕೇಂದ್ರ ಸರ್ಕಾರವೂ ಆ ಎರಡು ರಾಜ್ಯಗಳೂ ಹಣ ಸೇರಿಸಿ ಪಾಪಾಸುಕಳ್ಳಿಗೆಂದೇ ಒಂದು ಮಂಡಳಿ ಕಟ್ಟಿದವು. ಬಹುಮಾನದ ಹಾಗೆ ಗೆದ್ದವರಿಗೆ ಒಮ್ಮೆ ಕೊಟ್ಟು ಮುಗಿಸುವ ಹಣ ಇದಾಗಿರಲಿಲ್ಲ. ವರ್ಷ ವರ್ಷ ಬರುವ ಹಣ, ಸಂಬಳದ ಮೇಲೆ ಕೂತು ಹುಡುಕುವ ಜನ. ಅವರು ಕಳ್ಳಿಯ ತವರು ನೆಲಕ್ಕೇ ಹೋಗಿ ಅದನ್ನು ತಿನ್ನುವ ಕೀಟಗಳನ್ನು ಹುಡುಕಿದರು. ಮಂಡಳಿಯ ಕೀಟತಜ್ಞ ಅಲನ್ ಡಾಡ್ 1925ರಲ್ಲಿ ಅರ್ಜೆಂಟೀನಾದಿಂದ ಕ್ಯಾಕ್ಟೊಬ್ಲಾಸ್ಟಿಸ್ ಎಂಬ ಪತಂಗದ ಸುಮಾರು 3,000 ಮೊಟ್ಟೆ ಕಳಿಸಿದರು. 1914ರಲ್ಲೂ ಒಮ್ಮೆ ಇದೇ ಪತಂಗವನ್ನು ತಂದಿದ್ದರು, ಸಾಕಲಾಗದೆ ಸತ್ತುಹೋಗಿತ್ತು. ಒಂದು ಸೋಲಿಗೆ ಹಣ ನಿಲ್ಲಿಸುವ ಹಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಆ ಮೊಟ್ಟೆಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹೆಣ್ಣು ಪತಂಗ ಒಂದರ ಮೇಲೆ ಒಂದರಂತೆ ಮೊಟ್ಟೆ ಜೋಡಿಸುತ್ತಾ ಹೋಗುತ್ತದೆ, ನಾಣ್ಯ ಪೇರಿಸಿದ ಹಾಗೆ. ಆ ಸಾಲು ಕಳ್ಳಿಯ ಮುಳ್ಳಿನಂತೆಯೇ ಬಾಗಿ ನಿಲ್ಲುತ್ತದೆ. ಪಕ್ಕದಲ್ಲಿ ನಿಜವಾದ ಮುಳ್ಳಿದ್ದರೆ ಯಾವುದು ಮುಳ್ಳು, ಯಾವುದು ಮೊಟ್ಟೆ ಎಂದು ಗೊತ್ತಾಗುವುದಿಲ್ಲ. ಮರಿಗಳು ಹೊರಬಂದು ಎಲ್ಲವೂ ಸೇರಿ ಒಂದೇ ತೂತು ಕೊರೆದು ಒಳಗೆ ಇಳಿಯುತ್ತವೆ. ಒಂಟಿಯಾಗಿ ಹೋದರೆ ಕಳ್ಳಿಯ ಅಂಟು ಅವನ್ನು ಮುಳುಗಿಸುತ್ತದೆ. ಗುಂಪಾಗಿ ಹೋದರೆ ದಾರಿ ಆಗುತ್ತದೆ. ಕಿತ್ತಳೆ ಬಣ್ಣ, ಕಪ್ಪು ಚುಕ್ಕೆ. ಒಳಗಿನ ತಿರುಳು ಖಾಲಿಯಾದ ಮೇಲೆ ಕಳ್ಳಿ ಕೊಳೆತು ಕುಸಿಯುತ್ತದೆ. 1926ರಲ್ಲಿ ಬಯಲಿಗೆ ಬಿಟ್ಟರು. 1933ರ ಹೊತ್ತಿಗೆ ದೊಡ್ಡ ಕಳ್ಳಿ ಕಾಡುಗಳೆಲ್ಲ ನೆಲಕಚ್ಚಿದ್ದವು. ಬೂನಾರ್ಗಾ ಎಂಬ ಊರಿನವರು 1936ರಲ್ಲಿ ಊರಿನ ಸಭಾಭವನಕ್ಕೆ ಆ ಪತಂಗದ ಹೆಸರನ್ನೇ ಇಟ್ಟರು. ಒಂದು ಹುಳುವಿನ ಹೆಸರಿನಲ್ಲಿ ಊರವರು ಭವನ ಕಟ್ಟಿದ್ದಾರೆ ಎಂದರೆ ಆ ಜನ ಎಷ್ಟು ನೊಂದಿದ್ದರು ಯೋಚಿಸಿ.

ಇದನ್ನು ಕೇಳಿ ಎಲ್ಲ ಕಡೆ ಇದೇ ಪತಂಗ ಬಿಟ್ಟರಾಯಿತು ಎಂದುಕೊಳ್ಳಬೇಡಿ. ಅದೇ ಪತಂಗ ಮೆಕ್ಸಿಕೋಗೆ ಶತ್ರು. ಅಲ್ಲಿ ಕಳ್ಳಿಯೇ ಬೆಳೆ, ಕಳ್ಳಿಯೇ ಊಟ. 2006ರಲ್ಲಿ ಮೆಕ್ಸಿಕೋದ ಇಸ್ಲಾ ಮುಹೇರೆಸ್ ಎಂಬ ಸಣ್ಣ ದ್ವೀಪದಲ್ಲಿ ಅದು ಕಾಣಿಸಿಕೊಂಡಾಗ ಸರ್ಕಾರ ತಕ್ಷಣ ಕೈಹಾಕಿತು. ಮುತ್ತಿದ ಗಿಡ ಕಿತ್ತರು, ಬಲೆ ಇಟ್ಟರು, ಸಂತಾನಶಕ್ತಿ ಇಲ್ಲದ ಪತಂಗ ಬಿಟ್ಟರು. 2009ಕ್ಕೆ ಅದು ಅಲ್ಲಿಂದ ಪೂರ್ತಿ ಹೋಗಿತ್ತು. ದ್ವೀಪದಲ್ಲಿದ್ದಾಗಲೇ ಹಿಡಿದರು, ಒಳನಾಡಿಗೆ ದಾಟಿದ್ದರೆ ಸಾಧ್ಯವಾಗುತ್ತಿರಲಿಲ್ಲ.

ಹಣದ ನಿಯಮಗಳೇ ಕೆಲಸಕ್ಕೆ ಅಡ್ಡ ಬರುವುದೂ ಉಂಟು. 1880ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ತೋಟಗಳನ್ನು ಆಸ್ಟ್ರೇಲಿಯಾದಿಂದ ಬಂದ ಒಂದು ಶಲ್ಕ ಕೀಟ ಮುತ್ತಿತ್ತು. ಕೊಂಬೆಗಳ ಮೇಲೆ ಹತ್ತಿ ಅಂಟಿಸಿದಂತೆ ಬೆಳ್ಳಗೆ ಕೂರುತ್ತಿತ್ತು. ಅದರ ಶತ್ರುವನ್ನು ಹುಡುಕಲು ಆಸ್ಟ್ರೇಲಿಯಾಕ್ಕೆ ಹೋಗಬೇಕು. ಆದರೆ ಕೃಷಿ ಇಲಾಖೆಯ ಕೀಟತಜ್ಞರು ಸರ್ಕಾರದ ಹಣದಲ್ಲಿ ವಿದೇಶಕ್ಕೆ ಹೋಗಬಾರದು ಎಂದು ಅಮೆರಿಕದ ಸಂಸತ್ತು ಬಜೆಟ್‌ನಲ್ಲೇ ಷರತ್ತು ಹಾಕಿತ್ತು. 1888ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯುತ್ತಿತ್ತು. ಅದಕ್ಕೆ ಹೋಗುವ ವಿದೇಶಾಂಗ ಇಲಾಖೆಯ ತಂಡದಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞರನ್ನು ಸೇರಿಸಿ ಕಳಿಸಿದರು. ಅವರು ಮೊದಲು ಕಳಿಸಿದ್ದು 129 ಗುಲಗಂಜಿ ಹುಳು. ಅವನ್ನು ಒಂದು ಮರಕ್ಕೆ ಗುಡಾರದಂತೆ ಬಟ್ಟೆ ಕಟ್ಟಿ ಅದರೊಳಗೆ ಸಾಕಿದರು. 1889 ಮುಗಿಯುವಷ್ಟರಲ್ಲಿ ಕ್ಯಾಲಿಫೋರ್ನಿಯಾದ ಕಿತ್ತಳೆ ಉಳಿದಿತ್ತು. ಒಂದು ಹಡಗಿನ ಟಿಕೆಟ್ ಖರ್ಚಿಗೆ ಬಂದ ಫಲ ಅದು. ಆ ವಸ್ತುಪ್ರದರ್ಶನ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದು ಯೋಚಿಸಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಇಂಥ ಕೆಲಸಕ್ಕೆ ಕಂಪನಿಗಳು ಯಾಕೆ ಮುಂದೆ ಬರುವುದಿಲ್ಲ? ಯಾಕೆಂದರೆ ಮಾರಲು ಏನೂ ಉಳಿಯುವುದಿಲ್ಲ. ಕೀಟನಾಶಕವನ್ನು ಪ್ರತಿ ಹಂಗಾಮಿಗೂ ಕೊಳ್ಳಬೇಕು. ಒಮ್ಮೆ ಬಿಟ್ಟ ಕಣಜ ತಾನೇ ಮರಿ ಮಾಡುತ್ತದೆ, ತಾನೇ ಪಕ್ಕದ ಊರಿಗೆ ಹಾರುತ್ತದೆ, ಬಿಲ್ ಕೊಡುವುದಿಲ್ಲ. ಆಫ್ರಿಕಾದ ಮರಗೆಣಸಿನ ಕಥೆ ಕೇಳಿ. 1970ರ ದಶಕದ ಮೊದಲಲ್ಲಿ ದಕ್ಷಿಣ ಅಮೆರಿಕದಿಂದ ಹಿಟ್ಟು ತಿಗಣೆಯ ಒಂದು ಜಾತಿ ಅಲ್ಲಿಗೆ ಬಂತು. ಮರಗೆಣಸಿನ ತುದಿ ಮುರುಟಿಹೋಗುತ್ತಿತ್ತು, ಗೆಡ್ಡೆ ಕಟ್ಟುತ್ತಿರಲಿಲ್ಲ. ಸುಮಾರು 20 ಕೋಟಿ ಜನರ ಹೊಟ್ಟೆ ಆ ಗೆಡ್ಡೆಯ ಮೇಲೆ ನಿಂತಿತ್ತು. ನೈಜೀರಿಯಾದ ಇಬಾದಾನ್‌ನಲ್ಲಿರುವ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಲ್ಲಿ ಹಾನ್ಸ್ ಹೆರೆನ್ ಎಂಬ ವಿಜ್ಞಾನಿ ಇದರ ಹಿಂದೆ ಬಿದ್ದರು. 1981ರಲ್ಲಿ ಪರಾಗ್ವೆಯಲ್ಲಿ ಒಂದು ಕಣಜ ಸಿಕ್ಕಿತು. ಎರಡು ಮಿಲಿಮೀಟರ್ ಕೂಡ ಇಲ್ಲ. ತಿಗಣೆಯ ಹೊಟ್ಟೆಯಲ್ಲಿ ಮೊಟ್ಟೆ ಇಡುತ್ತದೆ, ಮರಿ ಒಳಗಿಂದಲೇ ತಿಂದು ಮುಗಿಸುತ್ತದೆ. ಅದೇ ವರ್ಷ ನೈಜೀರಿಯಾದಲ್ಲಿ ಬಿಡಲು ಶುರುಮಾಡಿದರು. ಹಲವು ಸರ್ಕಾರಗಳ ದುಡ್ಡು ಸೇರಿ ಕೆಲಸ ನಡೆಯಿತು. ರೈತರು ಒಂದು ಕಾಸೂ ಕೊಡಲಿಲ್ಲ. ಎಷ್ಟೋ ರೈತರಿಗೆ ತಮ್ಮ ಬೆಳೆ ಉಳಿದದ್ದು ಹೇಗೆ ಎಂದೂ ಗೊತ್ತಿಲ್ಲ.

ಭಾರತದಲ್ಲೂ ಹತ್ತಿರಹತ್ತಿರ ಇದೇ ನಡೆಯಿತು. ಪಪ್ಪಾಯದ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡಿತು. ಪಪ್ಪಾಯ ಮಾತ್ರವಲ್ಲ, ಹಿಪ್ಪುನೇರಳೆ, ಮರಗೆಣಸು ಎಲ್ಲಕ್ಕೂ ಹತ್ತಿತು. ಬೆಂಗಳೂರಿನಲ್ಲಿರುವ ಕೃಷಿ ಕೀಟಗಳ ರಾಷ್ಟ್ರೀಯ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಕಣಜ ತರಿಸಿ, ಸಾಕಿ, ಬಿಟ್ಟಿತು. ಔಷಧಿಗೆ ಬಗ್ಗದ ತಿಗಣೆ ಕಣಜಕ್ಕೆ ಬಗ್ಗಿತು. ಆ ಹೊತ್ತಿಗೆ ಅಂಥದೊಂದು ಪ್ರಯೋಗಾಲಯ, ಕೀಟ ಸಾಕಿ ಗೊತ್ತಿರುವ ಜನ ಮೊದಲೇ ಇದ್ದರು ಎನ್ನುವುದನ್ನು ಮರೆಯಬೇಡಿ. ಅವರ ಸಂಬಳ ತಿಗಣೆ ಬರುವುದಕ್ಕೆ ಎಷ್ಟೋ ವರ್ಷ ಮೊದಲಿನಿಂದ ಯಾವುದೋ ಬಜೆಟ್‌ನಲ್ಲಿ ಬರುತ್ತಿತ್ತು.

ಈಗ ಯಾರು ಎಷ್ಟು ಕೊಡಬೇಕು ಎನ್ನುವ ವಿಷಯ. ಇದರಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಂಡದ್ದು ಆಸ್ಟ್ರೇಲಿಯಾದ ಒಪ್ಪಂದ. 2005ರಲ್ಲಿ ಕೇಂದ್ರ, ರಾಜ್ಯಗಳು, ಬೆಳೆಗಾರರ ಸಂಘಗಳು ಸೇರಿ ಸಹಿ ಹಾಕಿದವು. ಕೀಟ ಬರುವುದಕ್ಕೆ ಮುಂಚೆಯೇ ಖರ್ಚಿನ ಪಾಲು ನಿಗದಿ. ಕೀಟಗಳನ್ನು ನಾಲ್ಕು ವರ್ಗ ಮಾಡಿದ್ದಾರೆ. ಜನರಿಗೂ ಪರಿಸರಕ್ಕೂ ದೊಡ್ಡ ಪೆಟ್ಟು ಕೊಡುವಂಥದ್ದಾದರೆ ಪೂರ್ತಿ ಖರ್ಚು ಸರ್ಕಾರದ್ದು. ಮುಂದಿನದಕ್ಕೆ ಸರ್ಕಾರ 80, ಬೆಳೆಗಾರರ ಉದ್ಯಮ 20. ಆಮೇಲೆ ಅರ್ಧ ಅರ್ಧ. ಕೊನೆಯ ವರ್ಗದ್ದು ಮುಖ್ಯವಾಗಿ ಒಂದು ಬೆಳೆಯವರ ವ್ಯಾಪಾರಕ್ಕೆ ಮಾತ್ರ ತಟ್ಟುವಂಥದ್ದು, ಅದಕ್ಕೆ ಸರ್ಕಾರ 20, ಉದ್ಯಮ 80. ಇದರಿಂದ ಏನು ಲಾಭ? ಮನೆಗೆ ಬೆಂಕಿ ಬಿದ್ದಾಗ ನೀರಿನ ದುಡ್ಡು ಯಾರು ಕೊಡಬೇಕು ಎಂದು ಜಗಳ ಆಡುವ ಪ್ರಮೇಯ ಇಲ್ಲ. ಮೊದಲ ದಿನವೇ ಕೆಲಸ ಶುರು.

ಆ ಒಪ್ಪಂದದಲ್ಲಿ ಇನ್ನೊಂದು ಮಾತಿದೆ, ನನ್ನ ಮಟ್ಟಿಗೆ ಅದೇ ಅದರ ಜೀವ. ಕೀಟ ನಾಶ ಮಾಡಲು ರೈತರ ಬೆಳೆ ಕಿತ್ತರೆ ಅವರಿಗೆ ಆದ ನಷ್ಟ ತುಂಬಿಕೊಡಬೇಕು. ಯಾಕೆ ಹೇಳಿ? ಹೊಸ ಹುಳುವನ್ನು ಮೊದಲು ನೋಡುವವರು ರೈತರು. ಬೆಳಗ್ಗೆ ತೋಟಕ್ಕೆ ಹೋದಾಗ ಎಲೆಯ ಹಿಂದೆ ಏನೋ ವಿಚಿತ್ರ ಕಾಣುತ್ತದೆ. ಫೋನ್ ಮಾಡಿದರೆ ನಾಳೆ ಅಧಿಕಾರಿಗಳು ಬಂದು ಇಡೀ ತೋಟ ಕಡಿಸುತ್ತಾರೆ, ಕೈಗೆ ಏನೂ ಬರುವುದಿಲ್ಲ ಎಂದಾದರೆ ಯಾರು ತಾನೇ ಫೋನ್ ಮಾಡುತ್ತಾರೆ? ಸುಮ್ನೆ ಇದ್ದುಬಿಡುತ್ತಾರೆ. ಅವರನ್ನು ತಪ್ಪು ಹೇಳುವ ಹಾಗಿಲ್ಲ. ಆ ಸುಮ್ಮನಿರುವ ಎರಡು ತಿಂಗಳಲ್ಲಿ ಹುಳು ಹತ್ತು ಊರು ದಾಟಿರುತ್ತದೆ. ಪರಿಹಾರದ ಹಣ ದಾನವಲ್ಲ. ಆ ಫೋನ್ ಕರೆಯ ಬೆಲೆ.

ಇದನ್ನು ಸರಿಯಾಗಿ ಮಾಡದೆ ಕೆಟ್ಟದ್ದಕ್ಕೆ ಉದಾಹರಣೆ ಮತ್ತೆ ಫ್ಲಾರಿಡಾದಲ್ಲೇ ಇದೆ. 1995ರಲ್ಲಿ ಅಲ್ಲಿ ನಿಂಬೆ ಜಾತಿಯ ಮರಗಳಿಗೆ ಕಜ್ಜಿ ರೋಗ ಕಂಡಿತು. ರೋಗದ ಮರದ ಸುತ್ತ 1,900 ಅಡಿಯೊಳಗಿನ ಎಲ್ಲ ಕಿತ್ತಳೆ, ನಿಂಬೆ ಮರ ಕಡಿಯಬೇಕೆಂದು ನಿಯಮ ಬಂತು. ಆರೋಗ್ಯವಾಗಿರುವ ಮರವೂ ಸೇರಿ, ಜನರ ಹಿತ್ತಲಿನಲ್ಲಿರುವುದೂ ಸೇರಿ. ಮನೆಯವರಿಗೆ ಮೊದಲ ಮರಕ್ಕೆ 100 ಡಾಲರಿನ ಖರೀದಿ ಕೂಪನ್, ಆಮೇಲಿನ ಪ್ರತಿ ಮರಕ್ಕೆ 55 ಡಾಲರ್. ಹಿರಿಯರು ನೆಟ್ಟ ಮರಕ್ಕೆ ಕೂಪನ್! ಜನ ಕೋರ್ಟಿಗೆ ಹೋದರು. ತಡೆಯಾಜ್ಞೆ ಬಂತು, ತೆರವಾಯಿತು, ಮತ್ತೆ ಬಂತು. ಈ ಎಳೆದಾಟದ ನಡುವೆ 2004 ಮತ್ತು 2005ರ ಚಂಡಮಾರುತಗಳು ರೋಗವನ್ನು ರಾಜ್ಯದ ತುಂಬ ಎರಚಿದವು. 2006ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿರ್ಮೂಲನದ ಕೆಲಸವನ್ನೇ ಕೈಬಿಟ್ಟಿತು. ಇಟಲಿಯ ಆಲಿವ್ ಮರಗಳಿಗೆ ಕ್ಸೈಲೆಲ್ಲಾ ರೋಗ ಬಂದಾಗಲೂ ಜನ ಮರ ಕಡಿಯಲು ಬಿಡಲಿಲ್ಲ, ವಿಷಯ ಕೋರ್ಟಿಗೆ ಹೋಯಿತು, ರೋಗ ಮುಂದೆ ಸಾಗಿತು. ಜನರ ಮನಸ್ಸು ಜೊತೆಗಿಲ್ಲದಿದ್ದರೆ ಎಷ್ಟು ಹಣ ಸುರಿದರೂ ಕೆಲಸ ಸಾಗುವುದಿಲ್ಲ.

ಇನ್ನು ಕೊನೆಯ ವಿಷಯಕ್ಕೆ ಬರುತ್ತೇನೆ. ಗೆದ್ದ ಮೇಲೆ ಏನು? ಇದಕ್ಕೆ ಸ್ಕ್ರೂವರ್ಮ್ ನೊಣದ ಕಥೆ ಹೇಳಲೇಬೇಕು. ಇದು ಬೆಳೆಯ ಕೀಟವಲ್ಲ, ದನಕರುಗಳದ್ದು. ಉಣ್ಣೆ ಕಚ್ಚಿದ ಸಣ್ಣ ಗಾಯ ಸಾಕು, ಆಗಷ್ಟೇ ಹುಟ್ಟಿದ ಕರುವಿನ ಹೊಕ್ಕುಳು ಸಾಕು. ನೊಣ ಗಾಯದ ಅಂಚಿನಲ್ಲಿ ಇನ್ನೂರು, ಮುನ್ನೂರು ಮೊಟ್ಟೆ ಇಡುತ್ತದೆ. ಒಂದು ದಿನದೊಳಗೆ ಹುಳು ಹೊರಬರುತ್ತದೆ. ಬೇರೆ ನೊಣದ ಹುಳು ಸತ್ತ ಮಾಂಸ ತಿಂದರೆ ಇದು ಜೀವ ಇರುವ ಮಾಂಸವನ್ನೇ ತಿನ್ನುತ್ತದೆ. ತಲೆ ಕೆಳಗೆ ಮಾಡಿ, ಸ್ಕ್ರೂ ತಿರುಗಿಸಿದ ಹಾಗೆ ಒಳಗೆ ಇಳಿಯುತ್ತದೆ. ಗಾಯ ದೊಡ್ಡದಾದಷ್ಟೂ ವಾಸನೆಗೆ ಇನ್ನಷ್ಟು ನೊಣ ಬರುತ್ತದೆ. ನೋಡದೆ ಬಿಟ್ಟರೆ ದೊಡ್ಡ ಎತ್ತೂ ಉಳಿಯುವುದಿಲ್ಲ.

ಅಮೆರಿಕದ ಕೃಷಿ ಇಲಾಖೆಯ ಎಡ್ವರ್ಡ್ ನಿಪ್ಲಿಂಗ್ ಮತ್ತು ರೇಮಂಡ್ ಬುಶ್‌ಲ್ಯಾಂಡ್ ಇದರಲ್ಲಿ ಒಂದು ಸಂಗತಿ ಗಮನಿಸಿದರು. ಹೆಣ್ಣು ನೊಣ ಬದುಕಿನಲ್ಲಿ ಒಂದೇ ಸಲ ಗಂಡಿನ ಜೊತೆ ಕೂಡುತ್ತದೆ. ಹಾಗಾದರೆ ಲಕ್ಷಾಂತರ ಗಂಡು ನೊಣ ಸಾಕಿ, ವಿಕಿರಣ ಹಾಯಿಸಿ ಸಂತಾನಶಕ್ತಿ ತೆಗೆದು, ಆಕಾಶದಿಂದ ಬಿಟ್ಟರೆ? 1954ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಮಾಡಿ ನೋಡಿದರು. ಕೆಲವೇ ತಿಂಗಳಲ್ಲಿ ನೊಣ ಇಲ್ಲವಾಯಿತು. ಆಮೇಲೆ ಅಮೆರಿಕ, 1991ಕ್ಕೆ ಮೆಕ್ಸಿಕೋ, 2006ಕ್ಕೆ ಪನಾಮಾ. ಒಂದೊಂದೇ ದೇಶ ದಾಟಿಸಿ ನೊಣವನ್ನು ದಕ್ಷಿಣಕ್ಕೆ ತಳ್ಳಿಕೊಂಡು ಹೋದರು. ನಡುವೆ 1988ರಲ್ಲಿ ಅದು ಸಮುದ್ರ ದಾಟಿ ಲಿಬಿಯಾಕ್ಕೆ ಬಂದಿತ್ತು. ಆಗ ಅಮೆರಿಕಕ್ಕೂ ಲಿಬಿಯಾಕ್ಕೂ ಸುತರಾಂ ಆಗುತ್ತಿರಲಿಲ್ಲ. ಆದರೂ ಅಮೆರಿಕ ಮತ್ತು ಮೆಕ್ಸಿಕೋ ಸೇರಿ ನಡೆಸುತ್ತಿದ್ದ ಕಾರ್ಖಾನೆಯಿಂದ ವಿಮಾನದಲ್ಲಿ ನೊಣ ಹೋದವು, ಒಟ್ಟು 130 ಕೋಟಿ. 1992ರಲ್ಲಿ ಲಿಬಿಯಾ ಮುಕ್ತವಾಯಿತು. ಇಡೀ ಆಫ್ರಿಕಾದ ದನಕರು, ಕಾಡುಪ್ರಾಣಿಗಳು ಉಳಿದವು. ನಿಪ್ಲಿಂಗ್, ಬುಶ್‌ಲ್ಯಾಂಡ್ ಇಬ್ಬರಿಗೂ ಅದೇ ವರ್ಷ ವಿಶ್ವ ಆಹಾರ ಪ್ರಶಸ್ತಿ ಬಂತು.

ಪನಾಮಾದ ತುದಿಯ ಡೇರಿಯನ್ ಕಾಡಿನಲ್ಲಿ ನೊಣಗಳದ್ದೇ ಒಂದು ಬೇಲಿ ನಿಂತಿತು. ಪ್ರತಿ ವಾರ ಕೋಟಿಗಟ್ಟಲೆ ಬಂಜೆ ನೊಣಗಳನ್ನು ವಿಮಾನದಿಂದ ಬಿಡುತ್ತಿದ್ದರು. ವರ್ಷಗಟ್ಟಲೆ ಅದೊಂದು ಸುದ್ದಿಯೇ ಆಗಲಿಲ್ಲ. ಮೆಕ್ಸಿಕೋದ ದೊಡ್ಡ ಕಾರ್ಖಾನೆ ವಾರಕ್ಕೆ 50 ಕೋಟಿ ನೊಣ ಮಾಡಬಲ್ಲದ್ದಾಗಿತ್ತು. ಇನ್ನು ಬೇಕಿಲ್ಲ ಎಂದು ಅದನ್ನು 2012ರಲ್ಲಿ ಮುಚ್ಚಿದರು. ಉಳಿದದ್ದು ಪನಾಮಾದ್ದು ಒಂದೇ. ಅದರ ಗರಿಷ್ಠ ಶಕ್ತಿ ವಾರಕ್ಕೆ 10 ಕೋಟಿ. ಆ ಹೊತ್ತಿನಲ್ಲಿ ಅದು ತಪ್ಪು ಎಂದು ಯಾರಿಗೂ ಅನ್ನಿಸಿರಲಾರದು. ನೊಣ ಇಲ್ಲದ ದೇಶದಲ್ಲಿ ನೊಣದ ಕಾರ್ಖಾನೆ ಯಾಕೆ?

ಪನಾಮಾದಲ್ಲಿ ಮೊದಲು ವರ್ಷಕ್ಕೆ ಸರಾಸರಿ 25 ಪ್ರಕರಣ ಸಿಗುತ್ತಿದ್ದವು. 2023ರಲ್ಲಿ ಅದು 6,500 ದಾಟಿತು. ಜಾನುವಾರುಗಳ ಕಳ್ಳಸಾಗಣೆ ಅದಕ್ಕೆ ರೆಕ್ಕೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ನೊಣ ಮೆಕ್ಸಿಕೋ ಮುಟ್ಟಿತು. ಅಮೆರಿಕ ಮೆಕ್ಸಿಕೋದ ದನಗಳಿಗೆ ಗಡಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. 2025ರಲ್ಲಿ ಮೆಕ್ಸಿಕೋದ ಇನ್ನೊಂದು ಹಳೆಯ ಕಾರ್ಖಾನೆಯನ್ನು ನೊಣ ಸಾಕಲು ಸಜ್ಜು ಮಾಡಲು 2.1 ಕೋಟಿ ಡಾಲರ್ ಘೋಷಿಸಿತು. ಅದೇ ವರ್ಷ ಟೆಕ್ಸಸ್‌ನಲ್ಲಿ ಹೊಸ ಕಾರ್ಖಾನೆಗೆ ಘೋಷಿಸಿದ್ದು 75 ಕೋಟಿ ಡಾಲರ್. ಅದು ತಯಾರಿಸಬೇಕಾದದ್ದು ವಾರಕ್ಕೆ 30 ಕೋಟಿ ನೊಣ. ಮುಚ್ಚಿದ ಕಾರ್ಖಾನೆಯ ಶಕ್ತಿ 50 ಕೋಟಿ ಇತ್ತು ಎಂದು ಈಗಷ್ಟೇ ಹೇಳಿದೆ.

ಮಾತು ಮುಗಿಸುವ ಹೊತ್ತಿಗೆ ಸಭೆಯಲ್ಲಿ ಒಬ್ಬರು ಕೇಳಿದರು: "ಹಣ ಹಾಕಿ ಬಲೆ ಇಡುತ್ತೀರಿ, ಐದು ವರ್ಷ ಒಂದು ಹುಳುವೂ ಬೀಳುವುದಿಲ್ಲ. ಅದು ದಂಡ ಅಲ್ವಾ?" ಒಳ್ಳೆಯ ಪ್ರಶ್ನೆ. ನಾನು ಅವರಿಗೆ ಆ ಬಸವನಹುಳುವಿನ ಉಳಿದ ಕಥೆ ಹೇಳಿದೆ.

1975ರಲ್ಲಿ ಮುಗಿದ ಕಥೆ 2011ರಲ್ಲಿ ಮಿಯಾಮಿಯಲ್ಲಿ ಮತ್ತೆ ಶುರುವಾಯಿತು. ಈ ಸಲ ಹತ್ತು ವರ್ಷ ಹಿಡಿಯಿತು. 1,68,000ಕ್ಕೂ ಹೆಚ್ಚು ಹುಳು ಹೆಕ್ಕಿದರು, 2.4 ಕೋಟಿ ಡಾಲರ್ ಖರ್ಚಾಯಿತು. ಬಸವನಹುಳುವಿನ ವಾಸನೆ ಹಿಡಿಯಲು ಲ್ಯಾಬ್ರಡಾರ್ ನಾಯಿಗಳನ್ನು ಪಳಗಿಸಿದರು. ಕೊನೆಯ ವರ್ಷಗಳಲ್ಲಿ ಹುಳು ಸಿಗದಿದ್ದರೂ ಹುಡುಕಾಟ ಬಿಡಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಮುಕ್ತ ಎಂದು ಘೋಷಿಸಿದರು. ಎಂಟೇ ತಿಂಗಳು. 2022ರ ಜೂನ್‌ನಲ್ಲಿ ಅದೇ ರಾಜ್ಯದ ಇನ್ನೊಂದು ಮೂಲೆಯ ನ್ಯೂ ಪೋರ್ಟ್ ರಿಚಿ ಎಂಬಲ್ಲಿ ತೋಟಗಾರಿಕೆಯ ತರಬೇತಿ ಪಡೆದವರೊಬ್ಬರ ಕಣ್ಣಿಗೆ ಬಸವನಹುಳು ಬಿತ್ತು. ನೋಡಿದವರಿಗೆ ಅದು ಏನೆಂದು ಗೊತ್ತಿತ್ತು, ಯಾರಿಗೆ ಹೇಳಬೇಕೆಂದೂ ಗೊತ್ತಿತ್ತು. ಒಂದು ವಾರದೊಳಗೆ ಆ ಪ್ರದೇಶದಿಂದ ಗಿಡ, ಮಣ್ಣು ಹೊರಗೆ ಸಾಗಿಸುವುದನ್ನು ನಿಲ್ಲಿಸಿ, ಮನೆಮನೆಯ ಹಿತ್ತಲಿಗೂ ಔಷಧಿ ಹಾಕಲು ಶುರುಮಾಡಿದ್ದರು. ನಾಯಿಗಳೂ ಬಂದಿದ್ದವು.